ಮುಚ್ಚುವುದೂ ಒಂದು ವಿದ್ಯೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಪೂಜ್ಯ ಅಧ್ಯಾಪಕರು ಅಪ್ಪಣೆ ಮಾಡಿದಾಗ, ವಿಷಯಕ್ಕಾಗಿ ನಾನು ಹೆಚ್ಚು ತಡಕಾಡಬೇಕಾಗಲಿಲ್ಲ. ಒಂದು ವರ್ಷದಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ಸಂಗತಿಯೊಂದಿದೆ. ಅದು ಗಣಕಯಂತ್ರಕ್ಕೆ ಸಂಬಂಧಪಟ್ಟದ್ದು. ಇತಿಹಾಸವನ್ನೂ ಕನ್ನಡವನ್ನೂ ಓದುವ ಕಲಾ ವಿಭಾಗದ ಹುಡುಗನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಹೊಟ್ಟೆಪಾಡು ಮನುಷ್ಯನನ್ನು ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಹೋಬಳಿಯ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಸಂಬಳದಲ್ಲಿ ಹಾಸ್ಟೆಲಿನ ಖರ್ಚು ನೀಗದೆ, ಎರಡನೆಯ ವರ್ಷದಲ್ಲಿ ನಾನು ಪಟ್ಟಣದ ಒಂದು ಲೆಕ್ಕಪತ್ರದ ಕಛೇರಿಯಲ್ಲಿ ಸಂಜೆಯ ಕೆಲಸಕ್ಕೆ ಸೇರಿದ್ದೆನು. ಈ ಲೇಖನ ಹುಟ್ಟಿದ್ದು ಅಲ್ಲಿ.

ನಾನು ಹೇಳಹೊರಟಿರುವುದು ಇಷ್ಟೆ. ಯುನಿಕ್ಸ್ ಜಾತಿಯ ಸರ್ವರೊಂದನ್ನು ರೀಬೂಟು ಮಾಡುವಾಗ, ಎಂದರೆ ಆರಿಸಿ ಮತ್ತೆ ಹೊತ್ತಿಸುವಾಗ, ಅದರೊಳಗಿನ ಡೇಟಾಬೇಸನ್ನು ಮೊದಲು ಕ್ರಮವಾಗಿ ಮುಚ್ಚಬೇಕು. ಆ ಕ್ರಮವನ್ನು ಯಂತ್ರದಲ್ಲಿಯೇ ಬರೆದಿಡುವುದು ಅದನ್ನು ಸ್ಥಾಪಿಸಿದವನ ಮತ್ತು ಅದರ ಒಡೆಯನ ಕರ್ತವ್ಯ. ರಾತ್ರಿ ಪಾಳಿಯಲ್ಲಿ ಕುಳಿತ ಕಡೆಯ ಕೆಲಸಗಾರನ ನೆನಪಿನ ಮೇಲೆ ಅದನ್ನು ಬಿಡುವುದು ತಪ್ಪು. ಹಾಗೆ ಬಿಟ್ಟು, ಕೆಟ್ಟ ಮೇಲೆ ಅವನನ್ನೇ ದಂಡಿಸುವುದು ಅನ್ಯಾಯ. ಈ ಮಾತು ಸಣ್ಣದಾಗಿ ತೋರಬಹುದು. ಆದರೆ ಇಂದು ರೇಷನ್ ಅಂಗಡಿಯಿಂದ ಹಿಡಿದು ಬ್ಯಾಂಕಿನವರೆಗೆ ನಮ್ಮೆಲ್ಲರ ಲೆಕ್ಕ ಇಂಥ ಯಂತ್ರಗಳ ಹೊಟ್ಟೆಯಲ್ಲಿದೆ ಎಂಬುದನ್ನು ನೆನೆದರೆ ಇದರ ತೂಕ ತಿಳಿದೀತು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅನೇಕರು ಬೇರೆ ಬೇರೆ ಕಡೆಗಳಿಂದ ಏಕಕಾಲದಲ್ಲಿ ಬಳಸುವ, ಹಗಲಿರುಳೂ ಉರಿಯುವ ಗಣಕಯಂತ್ರವೇ ಸರ್ವರು. ಅದನ್ನು ನಡೆಸುವ ಮೂಲ ವ್ಯವಸ್ಥೆಗಳಲ್ಲಿ ಯುನಿಕ್ಸ್ ಎಂಬುದು ಹೆಸರಾದದ್ದು. ೧೯೬೯ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದಕ್ಕೆ ಅಡಿಪಾಯ ಹಾಕಿದರು. ೧೯೯೧ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಜಾಡಿನಲ್ಲಿ ಬೆಳೆದದ್ದು. ನಮ್ಮ ಕಛೇರಿಯಲ್ಲಿದ್ದುದು ಲಿನಕ್ಸ್. ಡೇಟಾಬೇಸು ಎಂದರೆ ಲೆಕ್ಕಗಳನ್ನು ಜೋಡಿಸಿ ಇಟ್ಟುಕೊಳ್ಳುವ ದೊಡ್ಡ ಕಣಜ ಮತ್ತು ಆ ಕಣಜದ ಕಾವಲುಗಾರ, ಎರಡೂ ಸೇರಿದ್ದು. ನಮ್ಮಲ್ಲಿದ್ದ ಡೇಟಾಬೇಸಿನ ಹೆಸರು ಪೋಸ್ಟ್‌ಗ್ರೆಸ್. ಅದರ ೯.೨ನೆಯ ಆವೃತ್ತಿ, ಹೊರಬಂದದ್ದು ೨೦೧೨ರಲ್ಲಿ. ಹಳೆಯದಾದರೂ ಯಾರೂ ಅದನ್ನು ಬದಲಾಯಿಸಿರಲಿಲ್ಲ.

ಈಗ ನಡೆದುದನ್ನು ಹೇಳುತ್ತೇನೆ. ಕಛೇರಿಯ ಹೆಸರು ಬೇಡ. ಮಂಡಿಯ ಕೆಲವು ಅಂಗಡಿಗಳ ಲೆಕ್ಕವನ್ನು ಅವರು ನೋಡಿಕೊಳ್ಳುತ್ತಿದ್ದರು. ರೈತರು ತಂದ ಮಾಲಿನ ತೂಕ, ದರ, ಕೊಡಬೇಕಾದ ಹಣ ಎಲ್ಲವೂ ಆ ಒಂದು ಸರ್ವರಿನಲ್ಲಿತ್ತು. ಸಂಜೆ ಆರರಿಂದ ಹತ್ತರವರೆಗೆ ನಾನು. ಹತ್ತರಿಂದ ಬೆಳಗಿನವರೆಗೆ ಇನ್ನೊಬ್ಬ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ಪಿ.ಯು.ಸಿ. ಮುಗಿಸಿ ಮುಂದೆ ಓದಲಾಗದೆ ಬಂದವನು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅವನು ತನ್ನ ಬುತ್ತಿಯಲ್ಲಿ ಒಂದು ರೊಟ್ಟಿಯನ್ನು ನನಗೆ ಎತ್ತಿಡದೆ ಊಟ ಮಾಡಿದವನಲ್ಲ. ಡಬ್ಬಿ ಬಿಚ್ಚಲೆಂದೇ ಎಷ್ಟೋ ದಿನ ಒಂದು ಗಂಟೆ ಮುಂಚಿತವಾಗಿ ಬರುತ್ತಿದ್ದ.

ತಿಂಗಳ ಕೊನೆಯ ಒಂದು ಸಂಜೆ ಮೇಲಿನವರಿಂದ ಫೋನು ಬಂತು. “ಸಿಸ್ಟಂ ನಿಧಾನ ಆಗಿದೆ, ಒಂದು ಸಲ ರೀಬೂಟು ಮಾಡಿಬಿಡಿ” ಎಂದರು. ಅಷ್ಟೇ ಸೂಚನೆ. ಅಣ್ಣ ಆಗ ತಾನೆ ಬಂದಿದ್ದ. ನಾನು ಆಜ್ಞೆಯನ್ನು ಟೈಪು ಮಾಡಿದೆ. ಯಂತ್ರ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತಾ ಬಂದು ಒಂದು ಕಡೆ ತಟಸ್ಥವಾಯಿತು. ಏನನ್ನೋ ನಿಲ್ಲಿಸಲು ಕಾಯುತ್ತಿರುವುದಾಗಿ ಪರದೆಯ ಮೇಲೆ ಒಂದು ಸಾಲು. ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ. ಒಂದು ನಿಮಿಷವಾಯಿತು, ಇನ್ನೂ ಸ್ವಲ್ಪ ಹೊತ್ತಾಯಿತು. ಭಯವಾಗಿ ಮತ್ತೆ ಫೋನು ಮಾಡಿದೆ. “ಇನ್ನೂ ಎಷ್ಟೊತ್ತು ನೋಡ್ತಾ ಕೂತಿರ್ತೀರಿ? ಗುಂಡಿ ಒತ್ತಿ ಆರಿಸಿ, ಮತ್ತೆ ಹಾಕಿ” ಎಂಬ ಉತ್ತರ ಬಂತು. ನಾನು ಗುಂಡಿಯನ್ನು ಒತ್ತಿ ಹಿಡಿದೆ. ಯಂತ್ರ ಆರಿತು.

ಮತ್ತೆ ಹಾಕಿದಾಗ ಯಂತ್ರವೇನೋ ಎದ್ದಿತು, ಡೇಟಾಬೇಸು ಏಳಲಿಲ್ಲ. ತಾನು ಈಗ ಆರಂಭವಾಗುತ್ತಿದ್ದೇನೆಂದೂ ಯಾರನ್ನೂ ಒಳಗೆ ಬಿಡಲಾಗುವುದಿಲ್ಲವೆಂದೂ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ಕಾಲು ಗಂಟೆ ಕಳೆಯಿತು. ಮೂರನೆಯ ಸಲ ಫೋನು ಮಾಡಿದ್ದು ಅಣ್ಣ. “ಡಿಸ್ಕು ತುಂಬಿರಬೇಕು. ಹಳೇ ಲಾಗುಗಳು ಇರ್ತಾವೆ ನೋಡಿ, ಅಳಿಸಿ ಹಾಕಿ” ಎಂದರಂತೆ. ಲಾಗು ಎಂದರೆ ಯಂತ್ರ ತನ್ನ ಪಾಡಿಗೆ ತಾನು ಬರೆದುಕೊಳ್ಳುವ ದಿನಚರಿ. ಹಳೆಯದಾದ ಮೇಲೆ ಅದನ್ನು ತೆಗೆದುಹಾಕುವುದು ರೂಢಿ. ಅಣ್ಣ ಹುಡುಕಿದ. ಎಲ್ಲಕ್ಕಿಂತ ದಪ್ಪವಾಗಿದ್ದ ಒಂದು ಕೋಶ ಕಂಡಿತು. ಅದರ ಹೆಸರು ‘ಪಿಜಿ ಎಕ್ಸ್‌ಲಾಗ್’. ಹೆಸರಿನಲ್ಲಿಯೇ ಲಾಗ್ ಎಂದಿತ್ತು. ಅವನು ಅದರೊಳಗಿದ್ದುದನ್ನು ಅಳಿಸಿದ.

ಆ ಮೇಲೆ ಆ ಡೇಟಾಬೇಸು ಏಳಲೇ ಇಲ್ಲ. ಉಳಿದದ್ದು ಮೂರು ರಾತ್ರಿಗಳ ಹಿಂದೆ ತೆಗೆದಿಟ್ಟಿದ್ದ ಪ್ರತಿ ಒಂದೇ. ನಡುವಿನ ಮೂರು ದಿನಗಳ ಲೆಕ್ಕವನ್ನು ಕಾಗದದ ಬಿಲ್ಲುಗಳನ್ನು ನೋಡಿ ಮತ್ತೆ ಕೂಡಿಸಬೇಕಾಯಿತು. ತೂಕದ ಚೀಟಿ ಕಳೆದುಕೊಂಡಿದ್ದ ರೈತರು ಕೆಲವರು ಕಛೇರಿಯ ಬಾಗಿಲಲ್ಲಿ ನಿಂತು, ತಮ್ಮ ಮಾಲು ಎಷ್ಟಿತ್ತೆಂದು ಬಾಯಿಮಾತಿನಲ್ಲಿ ಹೇಳಿ ಅಂಗಲಾಚಿದರು. ಸೋಮವಾರದಿಂದ ಬರಬೇಡವೆಂದು ಅಣ್ಣನಿಗೆ ಹೇಳಿದರು. ಅರ್ಧ ತಿಂಗಳ ಸಂಬಳವನ್ನೂ ಹಿಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾನು ಅಲ್ಲಿಯವರೆಗೆ ಪುಸ್ತಕದಲ್ಲಿ ಮಾತ್ರ ಓದಿದ್ದೆ. ಗುಂಡಿಯನ್ನು ಒತ್ತಿದ ಬೆರಳು ನನ್ನದೆಂದು ಆ ದಿನ ನಾನು ಯಾರ ಎದುರಿಗೂ ಹೇಳಲಿಲ್ಲ. ಪರೀಕ್ಷೆಯ ಶುಲ್ಕ ಕಟ್ಟುವ ದಿನ ಹತ್ತಿರವಿತ್ತು. ಇಲ್ಲಿ ಹೇಳುತ್ತಿದ್ದೇನೆ.

ಅನಂತರ ನಾನು ಸುಮ್ಮನಿರಲಾಗದೆ, ಆ ಡೇಟಾಬೇಸಿನವರೇ ಪ್ರಕಟಿಸಿರುವ ಕೈಪಿಡಿಯನ್ನು ಪದಕೋಶ ಹಿಡಿದು ರಾತ್ರಿಗಳಲ್ಲಿ ಓದಿದೆ. ಓದಿದಂತೆಲ್ಲ ತಿಳಿದ ಸಂಗತಿ ಇದು: ನಾವು ಅಳಿಸಿದ್ದು ಕಸವಲ್ಲ, ಕಿರ್ದಿ.

ಹಳೆಯ ಅಂಗಡಿಗಳ ಲೆಕ್ಕದ ಪದ್ಧತಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವ್ಯಾಪಾರ ನಡೆದ ಕೂಡಲೆ ಅದನ್ನು ಕಿರ್ದಿಯಲ್ಲಿ ಬರೆಯುತ್ತಾರೆ. ಬಿಡುವಾದಾಗ ಅಲ್ಲಿಂದ ಆಯಾ ಗಿರಾಕಿಯ ಖಾತೆಗೆ ಏರಿಸುತ್ತಾರೆ. ಡೇಟಾಬೇಸೂ ಹೀಗೆಯೇ ಮಾಡುತ್ತದೆ. ಬದಲಾವಣೆಯನ್ನು ಮೊದಲು ಕಿರ್ದಿಯಂಥ ಕಡತದಲ್ಲಿ ಡಿಸ್ಕಿಗೆ ಬರೆದು ಭದ್ರಪಡಿಸಿಕೊಂಡು, ಆಮೇಲೆಯೇ ‘ಆಯಿತು’ ಎಂದು ಉತ್ತರ ಕೊಡುತ್ತದೆ. ಖಾತೆಯ ಪುಟ ಅಷ್ಟು ಹೊತ್ತಿಗೆ ಇನ್ನೂ ನೆನಪಿನ ಕೋಶದಲ್ಲಿಯೇ ಇರಬಹುದು. ಡಿಸ್ಕಿಗೆ ಸಾವಕಾಶವಾಗಿ ಹೋಗುತ್ತದೆ. ನಡುವೆ ವಿದ್ಯುಚ್ಛಕ್ತಿ ಹೋದರೆ, ಮತ್ತೆ ಎದ್ದಾಗ ಕಿರ್ದಿಯನ್ನು ಓದಿ ಖಾತೆಗೆ ಏರಿಸಬೇಕಾದುದನ್ನು ಏರಿಸಿಕೊಳ್ಳುತ್ತದೆ. ಆ ಕಾಲು ಗಂಟೆ ನಮ್ಮ ಯಂತ್ರ ಮಾಡುತ್ತಿದ್ದುದು ಇದನ್ನೇ. ಅದು ಸತ್ತಿರಲಿಲ್ಲ, ಲೆಕ್ಕ ಏರಿಸುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬಂತೆ, ಗುಮಾಸ್ತ ಓದುತ್ತಿದ್ದ ಕಿರ್ದಿಯನ್ನು ನಾವು ಅವನ ಕೈಯಿಂದ ಕಿತ್ತು ಒಲೆಗೆ ಹಾಕಿದೆವು. ಉಳಿದದ್ದು ಅರ್ಧ ಏರಿದ ಖಾತೆ.

ಕ್ರಮವಾಗಿ ಮುಚ್ಚುವುದೆಂದರೆ ಏನೆಂಬುದು ಇದರಿಂದ ವಿಶದವಾಗುತ್ತದೆ. ಹೊಸ ಗಿರಾಕಿಗಳನ್ನು ಒಳಗೆ ಬಿಡದಿರುವುದು, ಒಳಗಿರುವವರ ಅರ್ಧ ಕೆಲಸವನ್ನು ಒಂದೋ ಮುಗಿಸುವುದು ಇಲ್ಲವೆ ರದ್ದುಪಡಿಸುವುದು, ಕಿರ್ದಿಯಲ್ಲಿರುವುದೆಲ್ಲವನ್ನೂ ಖಾತೆಗೆ ಏರಿಸಿ, ಕೆಳಗೆ ಗೆರೆ ಎಳೆದು, ಆ ಮೇಲೆ ದೀಪ ಆರಿಸುವುದು. ಹೀಗೆ ಮುಚ್ಚಿದ ಡೇಟಾಬೇಸು ಮರುದಿನ ಹಿಂದಿನ ಲೆಕ್ಕ ಏರಿಸುತ್ತ ಕೂರಬೇಕಾಗಿಲ್ಲ. ಬೇಗನೆ ಎದ್ದು ಕೆಲಸಕ್ಕೆ ನಿಲ್ಲುತ್ತದೆ.

ಇದನ್ನು ರಜೆಗೆ ಹೋದಾಗ ಅಪ್ಪನಿಗೆ ವಿವರಿಸಿದೆ. ಅವರಿಗೆ ಓದು ಬರಹ ಬಾರದು. ಆದರೆ ಅವರು ನಕ್ಕು, “ಇದೇನು ಹೊಸದಾ? ಮೊದ್ಲು ಕಾಳು, ಆಮೇಲೆ ಕಲ್ಲು, ಕೊನೇಗೆ ಮೋಟ್ರು” ಎಂದರು. ಗಿರಣಿಯನ್ನು ನಿಲ್ಲಿಸುವ ಕ್ರಮ ಅದು. ಮೇಲಿನ ತಗಡಿನ ಡಬ್ಬದಿಂದ ಕಾಳು ಬೀಳುವುದನ್ನು ಮೊದಲು ತಡೆಯಬೇಕು. ಕಲ್ಲುಗಳ ನಡುವೆ ಉಳಿದ ಕಾಳು ಹಿಟ್ಟಾಗಿ ಹೊರಬರುವವರೆಗೆ ಬಿಡಬೇಕು. ಕಲ್ಲನ್ನು ಸಡಿಲಿಸಬೇಕು. ಕಡೆಗೆ ಮೋಟಾರು ಆರಿಸಬೇಕು. ಕರೆಂಟು ತಟ್ಟನೆ ಹೋದರೆ ಕಾಳು ಕಲ್ಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಕಲ್ಲು ಸಡಿಲಿಸಿ ಅದನ್ನು ತೆಗೆಯದೆ ಮತ್ತೆ ಹಾಕಿದರೆ ಮೋಟಾರು ಗೊಂಯ್ ಎಂದು ನರಳುತ್ತದೆ, ಬೆಲ್ಟು ಜಾರುತ್ತದೆ. ಅಪ್ಪ ಇದನ್ನು ಕಲಿತದ್ದು ಗಿರಣಿಯ ಯಜಮಾನರಿಂದ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ಪಕ್ಕದಲ್ಲಿ ನಿಂತು ಮೂರು ಸಲ ಮಾಡಿಸಿದರಂತೆ. ನಮಗೆ ಹಾಗೆ ಯಾರೂ ಒಂದು ಸಲವೂ ಮಾಡಿಸಿರಲಿಲ್ಲ.

ಇನ್ನು, ನಮ್ಮ ಯಂತ್ರ ಏಕೆ ಕಾಯುತ್ತ ನಿಂತಿತೆಂಬುದನ್ನು ನೋಡೋಣ. ಪೋಸ್ಟ್‌ಗ್ರೆಸನ್ನು ಮುಚ್ಚುವುದಕ್ಕೆ ಮೂರು ವಿಧಾನಗಳಿವೆ. ‘ಸ್ಮಾರ್ಟ್’ ಎಂಬುದು ಬಹಳ ಮರ್ಯಾದಸ್ಥ ವಿಧಾನ: ಒಳಗಿರುವ ಗಿರಾಕಿಗಳೆಲ್ಲರೂ ತಾವಾಗಿ ಎದ್ದು ಹೋಗುವವರೆಗೆ ಅದು ಕಾಯುತ್ತದೆ. ‘ಫಾಸ್ಟ್’ ಎಂಬುದು ಅವರ ಅರ್ಧ ಕೆಲಸವನ್ನು ರದ್ದುಮಾಡಿ, ಹೊರಕ್ಕೆ ಕಳುಹಿಸಿ, ಲೆಕ್ಕವನ್ನು ಕ್ರಮವಾಗಿ ಮುಗಿಸುತ್ತದೆ. ‘ಇಮ್ಮೀಡಿಯೆಟ್’ ಎಂಬುದು ಲೆಕ್ಕವನ್ನೇ ಮುಗಿಸದೆ ಎದ್ದುಬಿಡುತ್ತದೆ. ಮರುದಿನ ಕಿರ್ದಿ ಓದುವುದು ತಪ್ಪಿದ್ದಲ್ಲ. ನಮ್ಮ ಹಳೆಯ ಆವೃತ್ತಿಯಲ್ಲಿ, ಯಾವ ವಿಧಾನವೆಂದು ಬರೆಯದಿದ್ದರೆ ಸ್ಮಾರ್ಟ್ ಎಂದೇ ಅರ್ಥ. ನಮ್ಮಲ್ಲಿ ಡೇಟಾಬೇಸನ್ನು ಸ್ಥಾಪಿಸಿದ ಪುಣ್ಯಾತ್ಮರು ಮುಚ್ಚುವ ಆಜ್ಞೆಯನ್ನು ತಾವೇ ಕೈಯಾರೆ ಬರೆದಿದ್ದರು, ವಿಧಾನವನ್ನು ಬರೆದಿರಲಿಲ್ಲ. ಆ ಸಂಜೆ ಮಂಡಿಯ ಗುಮಾಸ್ತರೊಬ್ಬರು ತಮ್ಮ ಬಿಲ್ಲಿನ ಪರದೆಯನ್ನು ತೆರೆದಿಟ್ಟೇ ಮನೆಗೆ ಹೋಗಿದ್ದರು. ಎದ್ದು ಹೋದ ಗುಮಾಸ್ತರಿಗಾಗಿ ಡೇಟಾಬೇಸು ಬಾಗಿಲು ಹಿಡಿದು ನಿಂತಿತ್ತು!

ಹೊರಗಿನ ವ್ಯವಸ್ಥೆಯೂ ಹೀಗೆ ಎಂದೆಂದಿಗೂ ಕಾಯುವುದಿಲ್ಲ. ಯುನಿಕ್ಸ್ ಮುಚ್ಚುವಾಗ ತನ್ನ ಕಾರ್ಯಕ್ರಮಗಳಿಗೆ ಮೊದಲು ೧೫ನೆಯ ಸಂಜ್ಞೆಯನ್ನು ಕಳುಹಿಸುತ್ತದೆ. ‘ಹೊರಡುವ ಹೊತ್ತಾಯಿತು, ಗಂಟುಮೂಟೆ ಕಟ್ಟಿಕೊಳ್ಳಿ’ ಎಂದು ಅದರ ಅರ್ಥ. ಗಡುವು ಮೀರಿದರೆ ೯ನೆಯ ಸಂಜ್ಞೆ. ಅದನ್ನು ಯಾವ ಕಾರ್ಯಕ್ರಮವೂ ನಿರಾಕರಿಸಲಾರದು, ಅದು ಕತ್ತು ಹಿಡಿದು ನೂಕುವುದು. ಇಂದಿನ ಬಹುತೇಕ ಲಿನಕ್ಸ್‌ಗಳನ್ನು ನಡೆಸುವ ಸಿಸ್ಟಂಡಿ ಎಂಬ ವ್ಯವಸ್ಥೆಯಲ್ಲಿ, ಬೇರೆ ಏನನ್ನೂ ಬರೆಯದಿದ್ದರೆ, ಈ ಗಡುವು ೯೦ ಸೆಕೆಂಡು. ದೊಡ್ಡ ಕಣಜಕ್ಕೆ ಲೆಕ್ಕ ಏರಿಸಿ ಮುಗಿಸಲು ೯೦ ಸೆಕೆಂಡು ಸಾಲದೆ ಹೋಗಬಹುದು. ಎಷ್ಟು ಹೊತ್ತು ಬೇಕೆಂಬುದನ್ನು ಅಳೆದು ಗಡುವನ್ನು ಹೆಚ್ಚಿಸಿ ಬರೆಯುವುದು ಸ್ಥಾಪಿಸಿದವನ ಕೆಲಸವೇ ಹೊರತು ಗುಂಡಿಯ ಮುಂದೆ ಕೂತ ಹುಡುಗನ ಕೆಲಸವಲ್ಲ.

ಕೆಲಸಗಾರ ಇಷ್ಟನ್ನೂ ಕಲಿತು ನೆನಪಿಟ್ಟುಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಕಲಿಯಬೇಕು, ನಿಜ. ಆದರೆ ನೆನಪಿಟ್ಟುಕೊಳ್ಳಬೇಕಾದ ವಿಷಯ ಎಂಥದೆಂದು ನೋಡಿ. ಮೇಲೆ ಹೇಳಿದ ‘ಇಮ್ಮೀಡಿಯೆಟ್’ ಎಂಬ ಮಾತು ಪೋಸ್ಟ್‌ಗ್ರೆಸಿನಲ್ಲಿ ಅರ್ಧಕ್ಕೆ ಬಿಟ್ಟು ಏಳುವುದು. ಒರಾಕಲ್ ಎಂಬ ಇನ್ನೊಂದು ಪ್ರಸಿದ್ಧ ಡೇಟಾಬೇಸಿನಲ್ಲಿ ಅದೇ ಮಾತಿಗೆ ಅರ್ಧ ಕೆಲಸಗಳನ್ನು ರದ್ದುಮಾಡಿ ಕ್ರಮವಾಗಿ ಮುಚ್ಚುವುದೆಂದು ಅರ್ಥ. ಒಂದೇ ಮಾತು, ಎರಡು ಮನೆಗಳಲ್ಲಿ ಎರಡು ಅರ್ಥ. ಸೋಲಾರಿಸ್ ಎಂಬ ಯುನಿಕ್ಸಿನಲ್ಲಿ ‘ರೀಬೂಟ್’ ಎಂಬ ಆಜ್ಞೆ, ಮುಚ್ಚುವ ಕ್ರಮವನ್ನು ಬರೆದಿಟ್ಟ ಚೀಟಿಗಳನ್ನು ನಡೆಸುವುದೇ ಇಲ್ಲ. ಅದಕ್ಕೆ ‘ಇನಿಟ್ ೬’ ಎಂಬ ಬೇರೆ ಆಜ್ಞೆಯನ್ನೋ ‘ಶಟ್‌ಡೌನ್’ ಎಂಬುದನ್ನೋ ಕೊಡಬೇಕು. ಈಗಿನ ಲಿನಕ್ಸಿನಲ್ಲಾದರೋ ‘ರೀಬೂಟ್’ ಎಂದರೂ ಕ್ರಮವಾಗಿಯೇ ಮುಚ್ಚುತ್ತದೆ. ರೆಡ್ ಹ್ಯಾಟ್ ಜಾತಿಯ ಹಳೆಯ ಲಿನಕ್ಸ್‌ಗಳಲ್ಲಿ ಇನ್ನೊಂದು ಸೋಜಿಗ: ಡೇಟಾಬೇಸನ್ನು ಆರಂಭಿಸುವ ಚೀಟಿ ತನ್ನ ಹೆಸರಿನ ಗುರುತಿನ ಕಡತವೊಂದನ್ನು ನಿಗದಿಯಾದ ಜಾಗದಲ್ಲಿ ಇಟ್ಟಿರದಿದ್ದರೆ, ಮುಚ್ಚುವಾಗ ಅದನ್ನು ಯಾರೂ ಕರೆಯುವುದಿಲ್ಲ. ಚೀಟಿ ಬರೆದವನು ಎಲ್ಲವೂ ಸರಿಯಾಗಿದೆಯೆಂದು ನಿಶ್ಚಿಂತನಾಗಿರುತ್ತಾನೆ. ಇವನ್ನೆಲ್ಲ ತಿಂಗಳಿಗೆ ಕೆಲವೇ ಸಾವಿರ ರೂಪಾಯಿ ಪಡೆಯುವವನು ರಾತ್ರಿ ಹನ್ನೊಂದು ಗಂಟೆಗೆ ನಿದ್ದೆಗಣ್ಣಿನಲ್ಲಿ ನೆನೆಯಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಮುಚ್ಚಿಡುವುದು ಸಲ್ಲದು. ‘ಡೇಟಾಬೇಸು ತಾನೇ ಚೇತರಿಸಿಕೊಳ್ಳುತ್ತದೆಂದ ಮೇಲೆ ಕ್ರಮವಾಗಿ ಮುಚ್ಚುವ ಗೋಜೇಕೆ?’ ಎಂಬುದು ಆ ಆಕ್ಷೇಪಣೆ. ಇದನ್ನು ಹೇಳುವವರು ಸಾಮಾನ್ಯರಲ್ಲ. ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಸಿ. ಮೋಹನ್ ಅವರೂ ಅವರ ಸಂಗಡಿಗರೂ ೧೯೯೨ರಲ್ಲಿ ಏರಿಸ್ ಎಂಬ ವಿಧಾನವನ್ನು ಪ್ರಕಟಿಸಿದರು. ತಟ್ಟನೆ ನಿಂತ ಡೇಟಾಬೇಸು ಕಿರ್ದಿಯಿಂದ ಹೇಗೆ ಚೇತರಿಸಿಕೊಳ್ಳಬೇಕೆಂಬುದಕ್ಕೆ ಅದು ಇಂದಿಗೂ ಆಧಾರಗ್ರಂಥದಂತಿದೆ. ೨೦೦೩ರಲ್ಲಿ ಸ್ಟ್ಯಾನ್‌ಫರ್ಡಿನ ಜಾರ್ಜ್ ಕಾಂಡಿಯಾ ಮತ್ತು ಆರ್ಮಂಡೊ ಫಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ಯಕ್ರಮಗಳನ್ನು ತಟ್ಟನೆ ಕೆಡವಿಯೇ ನಿಲ್ಲಿಸುವಂತೆ, ಬಿದ್ದಲ್ಲಿಂದಲೇ ಎಬ್ಬಿಸುವಂತೆ ಕಟ್ಟಬೇಕೆಂದು ವಾದಿಸಿದರು.

ಈ ವಾದ ಯಂತ್ರವನ್ನು ಕಟ್ಟುವವರಿಗೆ ಒಪ್ಪುವಂಥದು. ಬಿದ್ದರೂ ಏಳುವಂತೆ ಕಟ್ಟಿದವರಿಗೆ ನಮಸ್ಕಾರ. ಆದರೆ ಮಗು ಬಿದ್ದರೂ ಏಳುತ್ತದೆಂದು ದಿನವೂ ಅದನ್ನು ಜಗಲಿಯಿಂದ ನೂಕುವವರುಂಟೆ? ಚೇತರಿಕೆಗೆ ಹೊತ್ತು ಬೇಕು. ಆ ಹೊತ್ತಿನಲ್ಲಿ ಅಂಗಡಿ ಮುಚ್ಚಿರುತ್ತದೆ. ಡಿಸ್ಕುಗಳಲ್ಲಿ ಕೆಲವು, ಬರೆಯಬೇಕಾದುದನ್ನು ತಮ್ಮ ಸ್ವಂತ ನೆನಪಿನಲ್ಲಿಯೇ ಇಟ್ಟುಕೊಂಡು ‘ಬರೆದಾಯಿತು’ ಎಂದು ಸುಳ್ಳು ಹೇಳುವುದುಂಟು. ಕರೆಂಟು ಹೋದಾಗ ಆ ಸುಳ್ಳು ಹೊರಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚೇತರಿಸಿಕೊಳ್ಳುತ್ತಿರುವ ಯಂತ್ರದ ಮುಂದೆ ಹೆದರಿದ ಮನುಷ್ಯರು ಕುಳಿತಿರುತ್ತಾರೆ. ನಮ್ಮ ಡೇಟಾಬೇಸನ್ನು ಕೊಂದದ್ದು ಗುಂಡಿಯಲ್ಲ. ಗುಂಡಿಯ ಪೆಟ್ಟಿನಿಂದ ಅದು ಚೇತರಿಸಿಕೊಳ್ಳುತ್ತಲೇ ಇತ್ತು. ಕೊಂದದ್ದು ಆ ಮೇಲಿನ ಕಾಲು ಗಂಟೆಯ ಭಯ. ಕ್ರಮವಾಗಿ ಮುಚ್ಚಿದ್ದರೆ ಆ ಕಾಲು ಗಂಟೆಯೇ ಇರುತ್ತಿರಲಿಲ್ಲ.

ತಪ್ಪಿನ ಹೊಣೆ ಯಾರದೆಂಬ ಪ್ರಶ್ನೆಗೆ ಅತ್ಯುತ್ತಮವಾದ ಉತ್ತರ ನನಗೆ ದೊರೆತದ್ದು ಆ ಡೇಟಾಬೇಸನ್ನು ಕಟ್ಟಿದವರಿಂದಲೇ. ಲೋಕದಲ್ಲಿ ನಮ್ಮ ಅಣ್ಣನೊಬ್ಬನೇ ‘ಪಿಜಿ ಎಕ್ಸ್‌ಲಾಗ್’ ಅಳಿಸಿದವನಲ್ಲ. ಹೆಸರಿನಲ್ಲಿ ಲಾಗ್ ಎಂದಿದ್ದುದರಿಂದ ಮುಖ್ಯವಲ್ಲದ್ದೆಂದು ತಿಳಿದು ಎಷ್ಟೋ ಜನ ಅದನ್ನು ಅಳಿಸಿ ಲೆಕ್ಕ ಕಳೆದುಕೊಂಡಿದ್ದರು. ಕಟ್ಟಿದವರು ‘ಇವರೆಲ್ಲ ಮೂರ್ಖರು’ ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ೨೦೧೭ರಲ್ಲಿ ಬಂದ ೧೦ನೆಯ ಆವೃತ್ತಿಯಲ್ಲಿ ಆ ಕೋಶದ ಹೆಸರನ್ನೇ ‘ಪಿಜಿ ವಾಲ್’ ಎಂದು ಬದಲಾಯಿಸಿದರು. ಕಾರಣವನ್ನೂ ಪ್ರಕಟಣೆಯಲ್ಲಿ ಬಿಚ್ಚಿ ಹೇಳಿದರು. ಅದಕ್ಕೆ ಮುಂಚೆ, ೨೦೧೬ರ ಆರಂಭದಲ್ಲಿ ಬಂದ ೯.೫ನೆಯ ಆವೃತ್ತಿಯಲ್ಲಿ, ಮುಚ್ಚುವ ವಿಧಾನವನ್ನು ಬರೆಯದಿದ್ದರೆ ಸ್ಮಾರ್ಟ್ ಎಂದಿದ್ದುದನ್ನು ಫಾಸ್ಟ್ ಎಂದು ಮಾರ್ಪಡಿಸಿದರು. ಈ ಎರಡನ್ನೂ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಮಾಡಿದ ಎರಡು ತಪ್ಪುಗಳನ್ನೂ, ನಾವು ಮಾಡುವುದಕ್ಕೆ ವರ್ಷಗಳ ಮುಂಚೆಯೇ, ದೂರದೇಶದ ಯಾರೋ ಮಹನೀಯರು ಮುಂಗಂಡು ತಡೆದಿದ್ದರು. ನಮ್ಮ ಕಛೇರಿಯಲ್ಲಿ ಹೊಸ ಆವೃತ್ತಿಯನ್ನು ಹಾಕಿದ್ದರೆ ಅಣ್ಣನ ಕೆಲಸ ಉಳಿಯುತ್ತಿತ್ತು. ಹಾಕಬೇಕಾದವರು ಅಣ್ಣನೂ ಅಲ್ಲ, ನಾನೂ ಅಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಅಲ್ಪಮತಿಗೆ ತೋರಿದ್ದನ್ನು ಹೇಳುತ್ತೇನೆ; ತಿಳಿದವರು ತಿದ್ದಬಹುದು. ಮೊದಲನೆಯದಾಗಿ, ಡೇಟಾಬೇಸನ್ನು ಯಾರೂ ಕೈಯಿಂದ ಎಬ್ಬಿಸುವ, ಕೈಯಿಂದ ಮಲಗಿಸುವ ಪದ್ಧತಿ ಇರಕೂಡದು. ಅದು ವ್ಯವಸ್ಥೆಯ ಪಟ್ಟಿಯಲ್ಲಿಯೇ ಸೇರಿರಬೇಕು. ಸಿಸ್ಟಂಡಿಯಲ್ಲಿ ಒಂದು ಅನುಕೂಲವುಂಟು: ಯಾವುದು ಯಾವುದರ ಅನಂತರ ಏಳಬೇಕೆಂದು ಬರೆದರೆ, ಮುಚ್ಚುವಾಗ ಅದು ತಾನಾಗಿ ಅದೇ ಕ್ರಮವನ್ನು ತಿರುಗುಮುರುಗು ಮಾಡಿ ನಡೆಸುತ್ತದೆ. ಡಿಸ್ಕು ಎದ್ದ ಮೇಲೆ ಡೇಟಾಬೇಸು, ಅದು ಎದ್ದ ಮೇಲೆ ಬಿಲ್ಲಿನ ಕಾರ್ಯಕ್ರಮ ಎಂದು ಬರೆದರೆ, ಮುಚ್ಚುವಾಗ ಮೊದಲು ಬಿಲ್ಲು, ಆಮೇಲೆ ಡೇಟಾಬೇಸು, ಕೊನೆಗೆ ಡಿಸ್ಕು. ಅಪ್ಪನ ಕಾಳು, ಕಲ್ಲು, ಮೋಟಾರು ಇದೇ ಅಲ್ಲವೆ? ಎರಡನೆಯದಾಗಿ, ಮುಚ್ಚುವ ವಿಧಾನವನ್ನೂ ಗಡುವನ್ನೂ ಸ್ಪಷ್ಟವಾಗಿ ಬರೆಯಬೇಕು, ಊಹೆಗೆ ಬಿಡಬಾರದು.

ಮೂರನೆಯದಾಗಿ, ಬರೆದದ್ದು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕು. ಹೊಸ ಪ್ರತಿ ತೆಗೆದಿಟ್ಟುಕೊಂಡು, ಗಲಾಟೆಯಿಲ್ಲದ ಒಂದು ಭಾನುವಾರ, ಸ್ಥಾಪಿಸಿದವನೇ ಎದುರು ನಿಂತು ರೀಬೂಟು ಮಾಡಿಸಲಿ. ಎದ್ದ ಮೇಲೆ ಡೇಟಾಬೇಸಿನ ದಿನಚರಿಯ ಮೊದಲ ಸಾಲುಗಳನ್ನು ಓದಲಿ. ಇಂಥ ಹೊತ್ತಿಗೆ ಮುಚ್ಚಲಾಗಿತ್ತು ಎಂದಿದ್ದರೆ ಕ್ಷೇಮ. ಸರಿಯಾಗಿ ಮುಚ್ಚಿರಲಿಲ್ಲ, ತಾನಾಗಿ ಚೇತರಿಕೆ ನಡೆಯುತ್ತಿದೆ ಎಂದಿದ್ದರೆ, ಬರೆದದ್ದರಲ್ಲಿ ಎಲ್ಲೋ ದೋಷವಿದೆ. ಯಂತ್ರ ಈ ವಿಷಯದಲ್ಲಿ ಸತ್ಯವನ್ನೇ ಹೇಳುತ್ತದೆ, ಕೇಳುವವರಿಲ್ಲ ಅಷ್ಟೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಇದು ಮೇಲು.

ಕಡೆಯದಾಗಿ, ಯಂತ್ರದ ಪಕ್ಕದ ಗೋಡೆಗೆ ಒಂದು ಹಾಳೆಯನ್ನು ಅಂಟಿಸಬೇಕು, ಅದು ಕನ್ನಡದಲ್ಲಿರಬೇಕು. ‘ಇಷ್ಟು ಹೊತ್ತು ಕಾಯಿರಿ. ಗುಂಡಿ ಒತ್ತಬೇಡಿ. ಡೇಟಾಬೇಸು ಏಳಲು ತಡಮಾಡಿದರೆ ಅದು ಲೆಕ್ಕ ಏರಿಸುತ್ತಿದೆ ಎಂದು ತಿಳಿಯಿರಿ. ಏನನ್ನೂ ಅಳಿಸಬೇಡಿ.’ ಇಷ್ಟು ನಾಲ್ಕು ಸಾಲುಗಳು ಆ ರಾತ್ರಿ ನಮ್ಮ ಎದುರಿಗಿದ್ದಿದ್ದರೆ ಸಾಕಾಗಿತ್ತು. ಇಂಗ್ಲಿಷಿನ ಸಂದೇಶ ನಮಗೆ ಅಕ್ಷರಶಃ ಅರ್ಥವಾಗುತ್ತಿತ್ತು. ಆದರೆ ಹೆದರಿದವನಿಗೆ ಧೈರ್ಯ ಬರುವುದು ತಾಯ್ನುಡಿಯಲ್ಲಿ ಹೇಳಿದಾಗ.

ಹಳೆಯ ಯುನಿಕ್ಸ್ ಕಾಲದವರಲ್ಲಿ ಒಂದು ಆಚಾರವಿತ್ತಂತೆ. ಯಂತ್ರವನ್ನು ಆರಿಸುವ ಮುಂಚೆ ‘ಸಿಂಕ್’ ಎಂಬ ಆಜ್ಞೆಯನ್ನು, ಎಂದರೆ ನೆನಪಿನಲ್ಲಿರುವುದನ್ನು ಡಿಸ್ಕಿಗೆ ಇಳಿಸೆಂಬುದನ್ನು, ಮೂರು ಸಲ ಟೈಪು ಮಾಡುತ್ತಿದ್ದರು. ಎರಡನೆಯ ಮೂರನೆಯ ಸಲದ ಆಜ್ಞೆಗಳಿಂದ ವಿಶೇಷ ಪ್ರಯೋಜನವಿರಲಿಲ್ಲ. ಅವನ್ನು ಟೈಪು ಮಾಡುವ ಹೊತ್ತಿನಲ್ಲಿ ಡಿಸ್ಕಿಗೆ ಬರೆದು ಮುಗಿಸಲು ಅವಕಾಶ ಸಿಗುತ್ತಿತ್ತೆಂದು ಹೇಳುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಮನುಷ್ಯನ ಆತುರವನ್ನು ಅರಿತವರು ಯಾರೋ, ಅದಕ್ಕೊಂದು ಸಣ್ಣ ತಡೆ ಕಟ್ಟಿದ್ದರು. ಈಗ ಅದೇ ವಿವೇಕವನ್ನು ಯಂತ್ರದಲ್ಲಿಯೇ ಬರೆದಿಡುವ ಸೌಕರ್ಯ ಬಂದಿದೆ. ಬರೆಯದಿದ್ದರೆ ಅದು ಮೇಲಿನವರ ಸೋಮಾರಿತನ, ಕೆಳಗಿನವರ ಅಜ್ಞಾನವಲ್ಲ.

ಅಣ್ಣ ಈಗ ಬೇರೊಂದು ಊರಿನಲ್ಲಿ ಗೋದಾಮಿನ ಕೆಲಸಕ್ಕಿದ್ದಾನೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮುಂಚೆ ಬಸ್ಸು ಹತ್ತಿ ಹೋಗಿ ಅವನಿಗೆ ಓದಿ ಹೇಳಿದೆ. ಗುಂಡಿಯ ಸಂಗತಿ ಬಂದಾಗ ನನ್ನ ದನಿ ಇಳಿಯಿತು. ಅವನು, “ಅದು ನಂಗೊತ್ತಿತ್ತಲ್ಲೋ ತಮ್ಮ, ನಾನು ಪಕ್ಕದಲ್ಲೇ ನಿಂತಿದ್ನಲ್ಲ” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹಾಳೆಯ ವಿಷಯ ಬರೆದಿದ್ದೀಯಲ್ಲ, ಅದನ್ನ ತೆಗೀಬೇಡ” ಎಂದು ಹೇಳಿದನು. ತೆಗೆದಿಲ್ಲ. ಈ ಸಂಚಿಕೆಯನ್ನು ಓದುವ ನಮ್ಮ ಕಾಲೇಜಿನ ಮಿತ್ರರಲ್ಲಿ ಎಷ್ಟೋ ಮಂದಿ ನಾಳೆ ಕಛೇರಿಗಳಲ್ಲಿ ಯಂತ್ರಗಳ ಮುಂದೆ ಕೂರುವವರು. ಕೆಲವರು ಆ ಕಛೇರಿಗಳನ್ನು ನಡೆಸುವವರೂ ಆಗಬಹುದು. ಅಂಥವರು ತಮ್ಮಲ್ಲಿಯ ಸರ್ವರಿನ ಪಕ್ಕದ ಗೋಡೆಯನ್ನು ಒಮ್ಮೆ ನೋಡಲಿ ಎಂಬುದೇ ನನ್ನ ಪ್ರಾರ್ಥನೆ.